ರೀಲ್ಸ್‌ಗೋಸ್ಕರ ರೀಲ್ ಕೊಳ್ಳಬೇಡಿ

1/8

ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ಯಾರ ಗಾಳದ ಫೋಟೋ ನೋಡಿದ್ರೂ ಈಗ ಒಂದೇ ಕಥೆ. ನೀಲಿ ಹ್ಯಾಂಡಲ್, ಕೆಂಪು ಹ್ಯಾಂಡಲ್, ಚಿನ್ನದ ಬಣ್ಣದ ನಾಬ್. ಕೆಳಗೆ "ಹೊಸ ಸೆಟಪ್" ಅಂತ ಕ್ಯಾಪ್ಶನ್, ಮೂರು ಬೆಂಕಿ ಇಮೋಜಿ. ಮೀನು ಮಾತ್ರ ಎಲ್ಲೂ ಇಲ್ಲ.

ಬೇಜಾರಾದ್ರೆ ಆಗ್ಲಿ, ನೇರವಾಗಿ ಹೇಳ್ತೀನಿ. ನಮ್ಮಲ್ಲಿ ಮುಕ್ಕಾಲು ಜನ ರೀಲ್ ಆರಿಸೋದು ಬೈಕ್‌ಗೆ ಸ್ಟಿಕ್ಕರ್ ಆರಿಸಿದ ಹಾಗೆ. ಬೇರಿಂಗ್ ಎಷ್ಟು ಅಂತ ಕೇಳ್ತೀವಿ. ಗೇರ್ ರೇಶಿಯೋ ಎಷ್ಟು ಅಂತ ಕೇಳ್ತೀವಿ. ಡ್ರ್ಯಾಗ್ ಎಷ್ಟು ಕೆಜಿ ಅಂತ ಕೇಳಿ ಹುಬ್ಬು ಹಾರಿಸ್ತೀವಿ. ಆದ್ರೆ ದಿನವಿಡೀ ನಮ್ಮ ಕೈ ತಿರುಗಿಸೋದು ಹ್ಯಾಂಡಲ್ ಒಂದನ್ನೇ. ಅದು ಎಷ್ಟು ಉದ್ದ, ನಾಬ್ ಯಾವ ಆಕಾರ, ಜಾಯಿಂಟ್ ಹೇಗಿದೆ ಅಂತ ಕೇಳೋರು ಯಾರೂ ಇಲ್ಲ. ಕೇಳಿದ್ರೂ ಬಣ್ಣ ಕೇಳ್ತಾರೆ.

ಈ ಸರಣಿಯಲ್ಲಿ ನನ್ನ ವಾದ ಮೂರೇ ಮಾತು.

ಒಂದು: ಹ್ಯಾಂಡಲ್ ಆರಿಸಬೇಕಾದ್ದು ಲೂರ್ ನೋಡಿ, ಅದನ್ನು ಎಳೆಯೋ ರೀತಿ ನೋಡಿ.
ಎರಡು: ಹೊಸ ಹ್ಯಾಂಡಲ್ ಹಾಕಿಸಿಕೊಳ್ಳೋ ಬಹಳ ಜನಕ್ಕೆ ಅದು ಬೇಕಾಗೇ ಇಲ್ಲ.
ಮೂರು: ತಪ್ಪು ಹ್ಯಾಂಡಲ್‌ನ ಬಿಲ್ಲನ್ನು ನೀವೊಬ್ರೇ ಕಟ್ಟಲ್ಲ, ಹೊಳೆಯ ಮೀನೂ ಕಟ್ಟುತ್ತೆ. ಕಾವೇರಿಯಲ್ಲಿ ಅದು ಸಣ್ಣ ಬಿಲ್ಲಲ್ಲ.

ಮೂರನೇದಕ್ಕೆ ಕೊನೆಯಲ್ಲಿ ಬರ್ತೀನಿ. ಮೊದಲು ಲೆಕ್ಕ.

#ಗಾಳ #ಕೊಡಗು #ಹೊಳೆಮೀನು

2/8

ಮೊದಲನೇ ರೀಲ್ ಬಿಡೋ ಮಾತು: "ಈ ಹ್ಯಾಂಡಲ್ ಹಾಕಿದ್ರೆ ಸ್ಪೀಡ್ ಜಾಸ್ತಿ ಆಗುತ್ತೆ ಗುರು."

ಆಗಲ್ಲ. ಹ್ಯಾಂಡಲ್ ಒಂದು ಸುತ್ತು ತಿರುಗಿದ್ರೆ ಎಷ್ಟು ಲೈನ್ ಒಳಗೆ ಬರುತ್ತೆ ಅನ್ನೋದು ಸ್ಪೂಲ್‌ನ ಸುತ್ತಳತೆ ಮತ್ತು ಗೇರ್ ರೇಶಿಯೋ ಮೇಲೆ ನಿಂತಿದೆ. ಹ್ಯಾಂಡಲ್ ಉದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಲೆಕ್ಕ ಮಾಡಿ ನೋಡಿ. ಸ್ಪೂಲ್‌ನಲ್ಲಿ ಲೈನ್ ತುಂಬಿದಾಗ ವ್ಯಾಸ 45 ಮಿ.ಮೀ. ಅಂತ ಇಟ್ಕೊಳ್ಳಿ. ಸುತ್ತಳತೆ ಸುಮಾರು 141 ಮಿ.ಮೀ. ಗೇರ್ 5.2:1 ಆದ್ರೆ ಒಂದು ಸುತ್ತಿಗೆ ಸುಮಾರು 73 ಸೆ.ಮೀ. ಲೈನ್. ಗೇರ್ 6.2:1 ಆದ್ರೆ ಸುಮಾರು 88 ಸೆ.ಮೀ. ಹ್ಯಾಂಡಲ್ 40 ಇರಲಿ, 60 ಇರಲಿ, ಈ ಅಂಕಿ ಅಲ್ಲಾಡಲ್ಲ.

ಹಾಗಾದ್ರೆ ಹ್ಯಾಂಡಲ್ ಉದ್ದ ಬದಲಾಯಿಸೋದು ಏನನ್ನು? ಕೈಗೆ ಬೀಳೋ ಭಾರವನ್ನು. ಹ್ಯಾಂಡಲ್ ಒಂದು ಸನ್ನೆಗೋಲು, ಅಷ್ಟೇ. 50 ಮಿ.ಮೀ. ಹ್ಯಾಂಡಲ್‌ನಲ್ಲಿ ಒಂದು ಸುತ್ತಿಗೆ ನಿಮ್ಮ ಕೈ 31 ಸೆ.ಮೀ. ಓಡುತ್ತೆ, ಲೈನ್ 73 ಸೆ.ಮೀ. ಬರುತ್ತೆ. ಅಂದ್ರೆ ಲೈನ್ ತುದಿಯಲ್ಲಿ 3 ಕೆಜಿ ಎಳೆತ ಇದ್ರೆ, ಒಳಗಿನ ತಿಕ್ಕಾಟ ಲೆಕ್ಕಕ್ಕೆ ಹಿಡಿಯದೇ, ಕೈಗೆ ಸುಮಾರು 7 ಕೆಜಿ ಭಾರ. ಅದೇ ರೀಲಿಗೆ 60 ಮಿ.ಮೀ. ಹ್ಯಾಂಡಲ್ ಹಾಕಿ: 6 ಕೆಜಿಗಿಂತ ಸ್ವಲ್ಪ ಕಮ್ಮಿ. 40 ಹಾಕಿ: ಹತ್ತಿರ ಹತ್ತಿರ 9 ಕೆಜಿ.

ಈಗ ಮಜಾ ನೋಡಿ. "ಹೈ ಸ್ಪೀಡ್" ಅಂತ 6.2 ಗೇರ್ ತಗೊಂಡು 50 ಮಿ.ಮೀ. ಹ್ಯಾಂಡಲ್‌ನಲ್ಲೇ ಇದ್ರೆ ಅದೇ 3 ಕೆಜಿ ಎಳೆತ ಕೈಗೆ 8 ಕೆಜಿ ದಾಟುತ್ತೆ. ಹಳೇ 7 ಕೆಜಿಗೆ ವಾಪಸ್ ಬರಬೇಕಂದ್ರೆ 60 ಮಿ.ಮೀ. ಬೇಕು. ಸ್ಪೀಡ್ ಪುಕ್ಕಟೆ ಸಿಗಲ್ಲ ಮಾರಾಯ್ರೇ. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇದ್ದೇ ಇರುತ್ತೆ, ಫಸ್ಟ್ ಸೆಮ್‌ನಲ್ಲೇ ಓದಿದ್ದೀವಲ್ಲ.

#ರೀಲ್ಲೆಕ್ಕ #ಸೇವ್ಮಾಡ್ಕೊಳ್ಳಿ

3/8

ಹ್ಯಾಂಡಲ್‌ನಲ್ಲಿ ನೋಡಬೇಕಾದ್ದು ನಾಲ್ಕೇ ವಿಷಯ. ಬಣ್ಣ ಐದನೇದೂ ಅಲ್ಲ.

ಉದ್ದ. ಮೇಲೆ ಹೇಳಿದೆ. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ನಡುವಿನ ಸ್ಕ್ರೂನಿಂದ ನಾಬ್‌ವರೆಗೆ ಅಳೆದು ಹೇಳ್ತವೆ, ಕೆಲವು ಡಬಲ್ ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ಅಳೆದು ಹೇಳ್ತವೆ. ಬೇಟ್‌ಕ್ಯಾಸ್ಟರ್‌ನ "100 ಮಿ.ಮೀ." ಅಂದ್ರೆ ಕೈಗೆ ಸಿಗೋ ಸನ್ನೆ 50 ಮಾತ್ರ. ಅಂಕಿ ದೊಡ್ಡದು ಅಂತ ಹಿಗ್ಗಬೇಡಿ.

ಸಿಂಗಲ್ಲಾ ಡಬಲ್ಲಾ. ಸ್ಪಿನ್ನಿಂಗ್ ರೀಲ್‌ನ ಸಿಂಗಲ್ ಹ್ಯಾಂಡಲ್ ಹಗುರ, ಥಟ್ಟನೆ ಶುರುವಾಗುತ್ತೆ. ಆದ್ರೆ ಕೈ ಬಿಟ್ರೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತೆ. ಡಬಲ್ ಹ್ಯಾಂಡಲ್ ತಕ್ಕಡಿ ಇದ್ದ ಹಾಗೆ, ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ. ನಿಧಾನ ಎಳೆದು, ನಿಲ್ಲಿಸಿ, ಮತ್ತೆ ಕಾಲು ಸುತ್ತು ಎಳೆಯೋ ಕೆಲಸಕ್ಕೆ ಇದೇ ಸರಿ.

ನಾಬ್. ಸಣ್ಣ ಉದ್ದನೆಯ ನಾಬ್ ಎರಡು ಬೆರಳಲ್ಲಿ ಚಿವುಟಿ ಹಿಡಿಯೋಕೆ. ಲೂರ್‌ನ ಸಣ್ಣ ನಡುಕವೂ ಬೆರಳಿಗೆ ಗೊತ್ತಾಗುತ್ತೆ. ಟಿ ಆಕಾರದ್ದು ಬೆರಳ ಸಂದಿಯಲ್ಲಿ ಕೂರುತ್ತೆ, ಭಾರ ಎಳೆಯೋಕೆ. ದುಂಡಗಿನ ದೊಡ್ಡ ನಾಬ್ ಇಡೀ ಅಂಗೈಗೆ. ಶಕ್ತಿ ಪೂರ್ತಿ ಸಿಗುತ್ತೆ, ಸೂಕ್ಷ್ಮ ಹೋಗುತ್ತೆ.

ಜಾಯಿಂಟ್. ಎಲ್ಲಕ್ಕಿಂತ ಮುಖ್ಯ, ಯಾರೂ ನೋಡಲ್ಲ. ಹ್ಯಾಂಡಲನ್ನೇ ನೇರವಾಗಿ ಗೇರಿಗೆ ತಿರುಪಿ ಕೂರಿಸೋದು ಒಂದು ವಿಧ. ಇದರಲ್ಲಿ ಆಟ ಇರಲ್ಲ. ಚಪ್ಪಟೆ ಕಂಬಿ ತೂರಿಸಿ ಆ ಕಡೆಯಿಂದ ಸ್ಕ್ರೂ ಬಿಗಿಯೋದು, ಜೊತೆಗೆ ಮಡಚೋ ಬಟನ್ ಇರೋದು ಇನ್ನೊಂದು. ಕಮ್ಮಿ ಬೆಲೆಯ ರೀಲ್‌ಗಳಲ್ಲಿ ಸಾಮಾನ್ಯವಾಗಿ ಇದೇ. ಮರಳು, ಮಳೆ, ಒಂದು ವರ್ಷ. ಹಲ್ಲು ಬಿದ್ದ ಹಾಗೆ ಲಟಲಟ ಅನ್ನುತ್ತೆ. ಆ ಆಟ ಇದ್ದಾಗ ಮೀನು ಮೂತಿ ಇಟ್ಟಿದ್ದಾ, ಹ್ಯಾಂಡಲ್ ಅಲ್ಲಾಡಿದ್ದಾ ಅಂತ ನಿಮಗೆ ಗೊತ್ತಾಗಲ್ಲ.

ಇನ್ನು "10+1 ಬೇರಿಂಗ್" ಜಾಹೀರಾತು. ನಾಬ್ ಒಳಗೆ ಇರೋ ಪ್ಲಾಸ್ಟಿಕ್ ಬುಷ್ ತೆಗೆದು ಸಣ್ಣ ಬೇರಿಂಗ್ ಹಾಕಿದ್ರೆ ನುಣುಪು ಬರುತ್ತೆ, ನಿಜ. ಅದಕ್ಕೆ ಇಡೀ ಹ್ಯಾಂಡಲ್ ಬದಲಾಯಿಸೋ ಅಗತ್ಯ ಇಲ್ಲ.

#ಹ್ಯಾಂಡಲ್ #ಗಾಳದಪಾಠ

4/8

ಈಗ ಲೂರ್‌ಗೆ ಬನ್ನಿ. ಮೊದಲು ನಿಂತ ನೀರು: ತೋಟದ ಕೆರೆ, ಹಾರಂಗಿ, ಚಿಕ್ಲಿಹೊಳೆ ಹಿನ್ನೀರು.

ಫ್ರಾಗ್. ಕೊರಮೀನಿಗೆ, ಅದೇ ನೀವು ಯೂಟ್ಯೂಬ್ ನೋಡಿ ಮುರೆಲ್ ಅನ್ನೋದು. ಕಳೆ ಮೇಲೆ ಫ್ರಾಗ್ ನಿಧಾನ ನಡೆಸ್ತೀರಿ, ಕೈಗೆ ಭಾರವೇ ಇಲ್ಲ. ಮೀನು ಬಾಯಿ ಹಾಕಿದ ಮರುಕ್ಷಣ ಕಥೆ ಉಲ್ಟಾ. ಅದು ಕಳೆಯೊಳಗೆ ನುಗ್ಗೋ ಮೊದಲು ತಲೆ ಮೇಲಕ್ಕೆ ತಿರುಗಿಸಬೇಕು. ಮೀನು ಒಂದು ಕೆಜಿ, ಜೊತೆಗೆ ಬರೋ ಹುಲ್ಲು ಎರಡು ಕೆಜಿ. ಇಲ್ಲಿ ಉದ್ದ ಹ್ಯಾಂಡಲ್, ದೊಡ್ಡ ನಾಬ್. 55-60 ಮಿ.ಮೀ. ಕೇಳಿದ್ರೆ ಅದು ಶೋಕಿಯಲ್ಲ.

ಆಳಕ್ಕೆ ಇಳಿಯೋ ಕ್ರ್ಯಾಂಕ್‌ಬೇಟ್. ಅಗಲ ತುಟಿ ನೀರನ್ನು ಗುದ್ದಿಕೊಂಡು ಹೋಗುತ್ತೆ. ಮೀನು ಇಲ್ಲದಿದ್ರೂ ಪ್ರತಿ ಸುತ್ತೂ ಭಾರ. ಕಮ್ಮಿ ಗೇರ್, ಉದ್ದ ಹ್ಯಾಂಡಲ್. ಹೈ ಸ್ಪೀಡ್ ರೀಲ್‌ನಲ್ಲಿ ಒಂದು ಗಂಟೆ ಎಳೀರಿ, ಮಣಿಕಟ್ಟೇ ಉತ್ತರ ಕೊಡುತ್ತೆ.

ಜರ್ಕ್‌ಬೇಟ್, ಪಾಪರ್. ಇಲ್ಲಿ ಲೂರ್ ಆಡಿಸೋದು ರಾಡ್. ರೀಲ್ ಕೆಲಸ ಸಡಿಲವಾದ ಲೈನ್ ಬೇಗ ಸುತ್ತಿಕೊಳ್ಳೋದು ಮಾತ್ರ. ಭಾರ ಇಲ್ಲ, ಚುರುಕು ಬೇಕು. 40-45 ಮಿ.ಮೀ., ಸಣ್ಣ ನಾಬ್. ಉದ್ದ ಹ್ಯಾಂಡಲ್ ಹಾಕಿದ್ರೆ ಕೈ ಸುಮ್ಮನೆ ದೊಡ್ಡ ವೃತ್ತ ಬರೀತಾ ಇರುತ್ತೆ, ರಾಡಿನ ತಾಳಕ್ಕೂ ಕೈಗೂ ಹೊಂದಲ್ಲ.

ಸಾಫ್ಟ್ ಪ್ಲಾಸ್ಟಿಕ್. ತಳಕ್ಕೆ ಬಿಟ್ಟು ತೆವಳಿಸೋದು. ಇಲ್ಲಿ ಡಬಲ್ ಹ್ಯಾಂಡಲ್‌ಗೆ ಬೆಲೆ. ಕಾಲು ಸುತ್ತು, ನಿಲ್ಲು, ಕಾಲು ಸುತ್ತು.

ಸಣ್ಣ ಸ್ಪಿನ್ನರ್, ಅಲ್ಟ್ರಾಲೈಟ್. ಬೆರಳುದ್ದದ ಮೀನಿಗೆ ಬೆರಳುದ್ದದ ಹ್ಯಾಂಡಲ್. 35-40 ಸಾಕು. ಬ್ಲೇಡ್ ತಿರುಗ್ತಿದೆಯಾ ಇಲ್ವಾ ಅಂತ ಬೆರಳಿಗೆ ಗೊತ್ತಾಗಬೇಕು, ಅಷ್ಟೇ.

ಈ ಪಟ್ಟಿಯಲ್ಲಿ "ಎಲ್ಲದಕ್ಕೂ ಒಂದೇ" ಅನ್ನೋ ಹ್ಯಾಂಡಲ್ ಕಾಣಿಸ್ತಾ? ಕಾಣಿಸಲ್ಲ. ಯಾಕಂದ್ರೆ ಇಲ್ಲ.

#ಕೊರಮೀನು #ಹಾರಂಗಿ #ತೋಟದಕೆರೆ

5/8

ಇನ್ನು ಹರಿಯೋ ನೀರು. ಪರದೇಶದ ವಿಡಿಯೋ ನೋಡಿ ಹ್ಯಾಂಡಲ್ ಆರಿಸೋರು ಇಲ್ಲಿ ಸೋಲ್ತಾರೆ. ಅವರಲ್ಲಿ ಬಹಳ ಜನ ತೋರಿಸೋದು ನಿಂತ ಸರೋವರ. ವಾಲ್ನೂರಿನ ಕಾವೇರಿ ಕೆರೆಯಲ್ಲ.

ನೀರು ಸೆಕೆಂಡಿಗೆ ಅರ್ಧ ಮೀಟರ್ ಹರೀತಿದೆ ಅಂತ ಇಟ್ಕೊಳ್ಳಿ. ನೀವು ಮೇಲ್ಮುಖವಾಗಿ ಎಸೆದು ಸೆಕೆಂಡಿಗೆ ಒಂದು ಸುತ್ತು ಎಳೆದ್ರಿ, 73 ಸೆ.ಮೀ. ಲೈನ್ ಬಂತು. ಆದ್ರೆ ನೀರೇ ಲೂರನ್ನು 50 ಸೆ.ಮೀ. ನಿಮ್ಮ ಕಡೆ ತಂದಿದೆ. ನೀರಿನ ಲೆಕ್ಕದಲ್ಲಿ ಲೂರ್ ಈಜಿದ್ದು 23 ಸೆ.ಮೀ. ಮಾತ್ರ. ಸ್ಪಿನ್ನರ್ ಬ್ಲೇಡ್ ನೆಟ್ಟಗೆ ತಿರುಗೋದೇ ಕಷ್ಟ. ಸ್ಪೂನ್ ಎಲೆ ಬಿದ್ದ ಹಾಗೆ ತಳ ಸೇರಿ ಕಲ್ಲಿಗೆ ಸಿಕ್ಕಿಕೊಳ್ಳುತ್ತೆ. ಇಲ್ಲಿ ಬೇಗ ಬೇಗ ತಿರುಗಿಸಬೇಕು, ಕೈಗೆ ಭಾರ ಕಮ್ಮಿ. ಗಿಡ್ಡ ಹ್ಯಾಂಡಲ್ ಸುಖ.

ಅದೇ ಲೂರ್ ಕೆಳಮುಖವಾಗಿ ಎಸೀರಿ. ನೀವು ಸುಮ್ಮನೆ ನಿಂತ್ರೂ ಅದು ಸೆಕೆಂಡಿಗೆ 50 ಸೆ.ಮೀ. ಈಜ್ತಾ ಇರುತ್ತೆ. ಅರ್ಧ ಸುತ್ತು ಎಳೆದ್ರೆ 87ರ ಹತ್ತಿರ. ಇಲ್ಲಿ ನಿಧಾನವೇ ಧರ್ಮ, ಆದ್ರೆ ಹೊಳೆಯ ಭಾರವೆಲ್ಲ ಹ್ಯಾಂಡಲ್ ಮೇಲೆ. ಜೊತೆಗೆ ಇಲ್ಲಿ ಮಹಶೀರ್ ಹೊಡೆದ್ರೆ ಅದು ಓಡೋದೂ ನೀರಿನ ಜೊತೆಗೇ. ಉದ್ದ ಹ್ಯಾಂಡಲ್ ಬೇಕೇ ಬೇಕು.

ಒಂದೇ ದಂಡೆ, ಒಂದೇ ಲೂರ್, ಎರಡು ದಿಕ್ಕು, ಎರಡು ಹ್ಯಾಂಡಲ್. ಅದಕ್ಕೇ ಹೊಳೆಗೆ ಒಂದೇ ರೀಲ್ ಇರೋರು ನಡುವಿನದು, 50ರಿಂದ 55 ಮಿ.ಮೀ., ಇಟ್ಕೊಂಡು ಗೇರ್ ಕಮ್ಮಿ ಇರೋ ರೀಲ್ ತಗೊಳ್ಳಿ ಅಂತ ನಾನು ವಾದ ಮಾಡೋದು. ಮೇಲ್ಮುಖದಲ್ಲಿ ಬೇಕಾದ ವೇಗವನ್ನು ಕೈ ಕೊಡುತ್ತೆ. ಕೆಳಮುಖದಲ್ಲಿ ಬೇಕಾದ ಬಲವನ್ನು ಬರೀ ಕೈ ಕೊಡೋಕಾಗಲ್ಲ.

#ವಾಲ್ನೂರು #ಕಾವೇರಿ

6/8

ಈಗ ನಿಮ್ಮ ಆಕ್ಷೇಪಣೆಗಳು. ಕ್ಯಾಂಟೀನಲ್ಲಿ ಎಲ್ಲಾ ಕೇಳಿದ್ದೀನಿ.

"ನಮ್ಮಜ್ಜ ಬಿದಿರು ಕೋಲು, ತಂಗೂಸಿ, ಎರೆಹುಳು ಇಟ್ಕೊಂಡು ಬುಟ್ಟಿ ತುಂಬಿಸ್ತಿದ್ರು. ಯಾವ ಹ್ಯಾಂಡಲ್ ಇತ್ತು?"
ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎರೆಹುಳು ತಾನೇ ಒದ್ದಾಡುತ್ತೆ. ರಾಗಿ ಉಂಡೆ ವಾಸನೆಯಿಂದಲೇ ಕರೆಯುತ್ತೆ. ಲೂರ್ ಅನ್ನೋದು ಪ್ಲಾಸ್ಟಿಕ್ಕು, ತಗಡು. ಅದಕ್ಕೆ ಜೀವ ಕೊಡೋದು ನಿಮ್ಮ ಕೈ. ಕೈಗೂ ಲೂರಿಗೂ ಮಧ್ಯೆ ಇರೋದು ಹ್ಯಾಂಡಲ್. ರಾಗಿ ಉಂಡೆ ಹಾಕೋರು ಈ ಸರಣಿಯನ್ನು ಧಾರಾಳವಾಗಿ ಸ್ಕಿಪ್ ಮಾಡಬಹುದು.

"ದೊಡ್ಡ ಮೀನನ್ನು ರಾಡ್ ಎತ್ತಿ ತರೋದು, ಹ್ಯಾಂಡಲ್ ಅಲ್ಲ."
ಅರ್ಧ ಸತ್ಯ. ರಾಡ್ ಎತ್ತಿ, ಇಳಿಸ್ತಾ ಸುತ್ತಬೇಕು, ಸರಿ. ಆದ್ರೆ ಇಳಿಸುವಾಗ ಲೈನ್ ಸಡಿಲ ಬಿಟ್ರೆ ಗಾಳ ಕಳಚುತ್ತೆ. ಬಿಗಿ ಇಟ್ಕೊಂಡೇ ಸುತ್ತಬೇಕು. ಆ ಬಿಗಿಯ ಭಾರ ಪ್ರತಿ ಸಲ ಹ್ಯಾಂಡಲ್‌ಗೇ ಬರುತ್ತೆ.

"ಹಾಗಾದ್ರೆ ಎಲ್ಲಕ್ಕೂ ಪವರ್ ಹ್ಯಾಂಡಲ್ ಹಾಕಿಬಿಡೋಣ."
ಇದೇ ದೊಡ್ಡ ರೋಗ. ಸಣ್ಣ ರೀಲಿನ ಗೇರು ಸಣ್ಣ ಭಾರಕ್ಕೆ ಮಾಡಿದ್ದು. ಉದ್ದ ಹ್ಯಾಂಡಲ್ ಕೈಗೆ ಸುಳ್ಳು ಧೈರ್ಯ ಕೊಡುತ್ತೆ. ಡ್ರ್ಯಾಗ್ ಕಿರುಚ್ತಾ ಲೈನ್ ಹೊರಗೆ ಹೋಗ್ತಿರುವಾಗಲೂ ನೀವು ತಿರುಗಿಸ್ತಾ ಇರ್ತೀರಿ. ಸ್ಪಿನ್ನಿಂಗ್ ರೀಲ್‌ನಲ್ಲಿ ಹೀಗೆ ಮಾಡಿದ್ರೆ ಒಂದು ಸೆ.ಮೀ. ಲೈನೂ ಒಳಗೆ ಬರಲ್ಲ. 5.2 ಗೇರ್ ಆದ್ರೆ ಪ್ರತಿ ಸುತ್ತಿಗೆ ಲೈನಿಗೆ ಐದು ತಿರುಚು ಬೀಳುತ್ತೆ. ಸಂಜೆ ಹೊತ್ತಿಗೆ ಸ್ಪೂಲ್‌ನಿಂದ ಹಕ್ಕಿಗೂಡು ಬಿಡಿಸ್ತಾ ಕೂತಿರ್ತೀರಿ.

"ಫೋಟೋದಲ್ಲಿ ಚೆನ್ನಾಗಿ ಕಾಣುತ್ತಲ್ವಾ?"
ಕಾಣುತ್ತೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹೊಳೆ ಹತ್ರ ಇದೆ.

#ರೀಲ್ಬಿಡಬೇಡಿ

7/8

ಮೂರನೇ ಮಾತಿಗೆ ಬಂದೆ. ಇದೊಂದು ಪೋಸ್ಟ್ ಓದಿ, ಉಳಿದದ್ದು ಮರೆತ್ರೂ ಪರವಾಗಿಲ್ಲ.

1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದ್ರೆ 54 ಕೆಜಿಯ ಮಹಶೀರ್ ಹಿಡಿದ್ರು. ಇವತ್ತಿಗೂ ಜಗತ್ತಿನ ಗಾಳದವರು ಆ ಮೀನಿನ ಹೆಸರು ಹೇಳ್ತಾರೆ. ಕಬಿನಿ ಸೇರೋದು ಕಾವೇರಿಗೆ. ಈ ನೀರಿನ ಗೂನು ಬೆನ್ನಿನ ಮಹಶೀರ್, ನಮ್ಮ ಬಿಳಿಮೀನು, ಕಾವೇರಿ ಕೊಳ್ಳ ಬಿಟ್ರೆ ಬೇರೆಲ್ಲೂ ಇಲ್ಲ. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾಗಿದ್ದೇ 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸ್ತು. ಹೆಸರು ಸಿಗೋದಕ್ಕೂ ಹೋಗೋ ದಾರಿ ಹಿಡಿಯೋದಕ್ಕೂ ಒಂದೇ ವರ್ಷ!

ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವರ್ಷಗಳಿಂದ ಪರವಾನಗಿ ಕೊಟ್ಟು, ಹಿಡಿದ ಮೀನನ್ನು ವಾಪಸ್ ಬಿಡಬೇಕು ಅನ್ನೋ ನಿಯಮ ಕಾಪಾಡಿಕೊಂಡು ಬಂತು. "ಬಿಟ್ಟೆನಲ್ಲ, ಮತ್ತೇನು?" ಅಂತೀರಿ. ಬಿಟ್ಟ ಮೀನೆಲ್ಲ ಬದುಕಲ್ಲ ಅನ್ನೋದೇ ವಿಷಯ.

ಬೇಸಿಗೆಯಲ್ಲಿ ನೀರು ಬಿಸಿ, ಹರಿವು ಕಮ್ಮಿ, ನೀರಿನಲ್ಲಿ ಆಮ್ಲಜನಕವೂ ಕಮ್ಮಿ. ಮೀನು ಜೀವ ಬಿಟ್ಟು ಎಳೆದಾಡಿದಷ್ಟೂ ಅದರ ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬುತ್ತೆ. ಐದು ನಿಮಿಷದಲ್ಲಿ ಮುಗಿಯಬೇಕಾದ ಜಗ್ಗಾಟವನ್ನು ಗಿಡ್ಡ ಹ್ಯಾಂಡಲ್, ಲಟಲಟ ಜಾಯಿಂಟ್, ಎಳೆ ಲೈನ್ ಇಟ್ಕೊಂಡು ಇಪ್ಪತ್ತೈದು ನಿಮಿಷ ಮಾಡಿ, ಆಮೇಲೆ ದಂಡೆಗೆ ಎತ್ತಿ ನಾಲ್ಕು ಆ್ಯಂಗಲ್‌ನಲ್ಲಿ ಫೋಟೋ ತೆಗೆದು ಬಿಟ್ರೆ, ಅದು ನಿಮ್ಮ ಕಣ್ಣೆದುರು ಈಜಿಕೊಂಡು ಹೋಗಿ ಮುಂದಿನ ಗುಂಡಿಯಲ್ಲಿ ಹೊಟ್ಟೆ ಮೇಲೆ ಮಾಡಬಹುದು. ನಿಮ್ಮ ಸ್ಟೋರಿಯಲ್ಲಿ "ಕ್ಯಾಚ್ ಆ್ಯಂಡ್ ರಿಲೀಸ್" ಅಂತ ಇರುತ್ತೆ. ಹೊಳೆಯಲ್ಲಿ ಹೆಣ ಇರುತ್ತೆ.

ಡೈನಮೈಟ್ ಹಾಕೋರನ್ನು, ವಿಷ ಹಾಕೋರನ್ನು ನಾವೆಲ್ಲ ಬೈತೀವಿ. ಬೈಯಲೇಬೇಕು, 1897ರ ಮೀನುಗಾರಿಕೆ ಕಾಯ್ದೆಯೇ ಅದನ್ನು ಅಪರಾಧ ಅಂದಿದೆ. ಅವರಷ್ಟು ದೊಡ್ಡ ಪಾಪ ನಮ್ಮದಲ್ಲ, ಒಪ್ತೀನಿ. ಆದ್ರೆ ಕಾವೇರಮ್ಮೆ ಅಂತ ಕೈ ಮುಗಿದು, ಅವಳ ಮಡಿಲಿನ ಮೀನನ್ನು ಅಂದಕ್ಕೆ ಹಾಕಿಸಿದ ಹ್ಯಾಂಡಲ್‌ನಿಂದ ಸುಸ್ತು ಹೊಡೆಸಿ ಕೊಲ್ಲೋದಕ್ಕೆ ಬೇರೆ ಹೆಸರು ಏನಿಡೋಣ? ನೀವೇ ಹೇಳಿ.

#ಬಿಳಿಮೀನು #ಮಹಶೀರ್ #ಕಾವೇರಮ್ಮೆ

8/8

ಕೊನೇದು. ದುಡ್ಡು ಕೊಡೋ ಮೊದಲು ಮಾಡಬೇಕಾದ್ದು.

1. ಮೊದಲು ಲೂರ್ ಡಬ್ಬ ತೆಗೆದು ನೋಡಿ. ಹೆಚ್ಚು ಬಳಸೋದು ಯಾವುದು? ಫ್ರಾಗಾ, ಸ್ಪೂನಾ, ಪಾಪರ್ರಾ? ಆ ಒಂದಕ್ಕೆ ಹ್ಯಾಂಡಲ್ ಆರಿಸಿ. ಊರಲ್ಲಿರೋ ಎಲ್ಲಾ ಲೂರಿಗೂ ಅಲ್ಲ.

2. ಮನೆಯಲ್ಲಿರೋ ಹ್ಯಾಂಡಲನ್ನು ಸ್ಕೇಲ್ ಇಟ್ಟು ಅಳೀರಿ. ನಡು ಸ್ಕ್ರೂನಿಂದ ನಾಬ್ ಕಂಬಿಯ ನಡುವಿಗೆ. ಆಗಲೇ 50 ಇದ್ರೆ ಅಂಗಡಿಗೆ ಹೋಗೋ ಕೆಲಸವೇ ಇಲ್ಲದಿರಬಹುದು.

3. ಬಾಟಲ್ ಪರೀಕ್ಷೆ. ಒಂದು ಲೀಟರ್ ನೀರಿನ ಬಾಟಲಿಗೆ ಲೈನ್ ಕಟ್ಟಿ. ರಾಡ್ ಎತ್ತದೆ, ಬರೀ ಹ್ಯಾಂಡಲ್‌ನಿಂದ ಮಾಳಿಗೆಗೆ ಎಳೀರಿ. ಕೈಗೆ ಸುಮಾರು ಎರಡೂಕಾಲು ಕೆಜಿ ಬೀಳುತ್ತೆ. ಬೆರಳು ನೋಯ್ತಾ ಇದ್ರೆ ನಾಬ್ ತಪ್ಪು. ಮಣಿಕಟ್ಟು ನೋಯ್ತಾ ಇದ್ರೆ ಉದ್ದ ತಪ್ಪು. ಹ್ಯಾಂಡಲ್ ಅಲ್ಲಾಡ್ತಾ ಇದ್ರೆ ಜಾಯಿಂಟ್ ತಪ್ಪು. ಮೂರಕ್ಕೂ ಬೇರೆ ಬೇರೆ ಮದ್ದು.

4. ಹೊಸ ಹ್ಯಾಂಡಲ್ ಕೊಳ್ಳಲೇಬೇಕಾದ್ರೆ ಹಳೇದನ್ನು ಬಿಚ್ಚಿ ಜೊತೆಗೆ ತಗೊಂಡು ಹೋಗಿ. ತಿರುಪು ಎಡಕ್ಕೋ ಬಲಕ್ಕೋ, ಕಂಬಿಯ ಆಕಾರ ಏನು, ನೋಡಿ ಹೊಂದಿಸಿ. "ಎಲ್ಲಾ ರೀಲಿಗೂ ಕೂರುತ್ತೆ" ಅಂದ ಕೂಡ್ಲೇ ಅಂಗಡಿಯಿಂದ ಇಳಿದು ಬನ್ನಿ.

5. ಹ್ಯಾಂಡಲ್ ಬೆಲೆ ರೀಲ್ ಬೆಲೆಯ ಮೂರನೇ ಒಂದು ಭಾಗ ದಾಟಿದ್ರೆ ನಿಲ್ಲಿಸಿ. ಈ ರೀಲಿಗೆ ಆಗಲೇ ಇಷ್ಟು ಹಾಕಿದ್ದೀನಲ್ಲ ಅಂತ ಇನ್ನಷ್ಟು ಸುರಿಯೋದಕ್ಕೆ ನಮ್ಮ ಪುಸ್ತಕದಲ್ಲೇ ಹೆಸರಿದೆ, ಸಂಕ್ ಕಾಸ್ಟ್. ಎಕ್ಸಾಮಲ್ಲಿ ಬರೆದು ಹೊಳೆಯಲ್ಲಿ ಮರೆಯಬೇಡಿ.

6. ಉಳಿದ ದುಡ್ಡಲ್ಲಿ ಮುಳ್ಳಿಲ್ಲದ ಗಾಳ, ಒಳ್ಳೇ ಲೈನ್, ಗಾಳ ಬಿಡಿಸೋ ಇಕ್ಕಳ. ಹೊಳೆಗೆ ಹೋಗೋ ಮೊದಲು ಅಲ್ಲಿ ಗಾಳ ಹಾಕೋಕೆ ಪರವಾನಗಿ ಇದೆಯಾ ಅಂತ ಕೇಳಿ. ಮಹಶೀರ್ ಸಿಕ್ರೆ ನೀರಿನಲ್ಲೇ ಇಟ್ಟು ಬಿಡಿಸಿ. ಫೋಟೋ ಬೇಕಾದ್ರೆ ಒಂದೇ, ಅದೂ ಮೈ ನೀರಲ್ಲಿದ್ದಾಗ.

ಮಳೆಗಾಲದಲ್ಲಿ ಮೀನು ಮೊಟ್ಟೆ ಇಡೋಕೆ ಮೇಲೆ ಹತ್ತುತ್ತೆ. ಕಕ್ಕಡದ ಮಳೆ ಸುರೀತಿರೋವಾಗ ರೀಲ್ ಬಿಚ್ಚಿ, ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಅಟ್ಟಕ್ಕೆ ಹಾಕಿ. ಹೊಳೆಗೂ ರಜೆ ಬೇಕು.

ಮುಂದಿನ ಸಲ ಸೆಟಪ್ ಫೋಟೋ ಹಾಕುವಾಗ ಹ್ಯಾಂಡಲ್ ಬಣ್ಣ ಬರೀಬೇಡಿ. ಎಷ್ಟು ಮಿ.ಮೀ., ಯಾವ ಲೂರಿಗೆ, ಯಾಕೆ ಅಂತ ಮೂರು ಪದ ಬರೀರಿ. ಬರೆಯೋಕೆ ಆಗಿಲ್ಲ ಅಂದ್ರೆ ಆ ಹ್ಯಾಂಡಲ್ ನಿಮ್ಮ ಗಾಳಕ್ಕಲ್ಲ, ನಿಮ್ಮ ಪ್ರೊಫೈಲ್‌ಗೆ.

#ಕೊಡಗಿನಗಾಳ #ಹಿಡಿದುಬಿಡಿ #ರೀಲ್ಸ್‌ಗಲ್ಲಹೊಳೆಗೆ